ಪಹಣಿ ಗಣಕಕ್ಕೆ ಹೋದ ಬಗೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಗಣಕದ ತಂತ್ರಾಂಶ, ಅಂದರೆ ಸಾಫ್ಟ್‌ವೇರ್, ಬರೆಯುವ ಮೊದಲು ಅದರಲ್ಲಿ ಏನೇನು ಇರಬೇಕೆಂದು ಗೊತ್ತುಮಾಡಿಕೊಳ್ಳುವ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ವಾಚನಾಲಯದವರು ಅಪ್ಪಣೆ ಕೊಟ್ಟಿದ್ದಾರೆ. ಈ ಗುರುಗ್ರಾಮದಲ್ಲಿ ವಿಷಯ ಹೊಸದೇನೂ ಅಲ್ಲ. ಇಲ್ಲಿ ಕುಳಿತವರಲ್ಲಿ ಕೆಲವರು ಸೈಬರ್ ಸಿಟಿಯ ಕಚೇರಿಗಳಲ್ಲಿ ತಂತ್ರಾಂಶ ಬರೆಯುವವರು. ಹೆಚ್ಚಿನವರು ಯಾರೋ ಬರೆದ ತಂತ್ರಾಂಶದ ಮುಂದೆ ಕುಳಿತು ಹಾಜರಿ, ಬಿಲ್ಲು, ಗೋದಾಮಿನ ಲೆಕ್ಕ ತುಂಬುವವರು. ನಮ್ಮ ಮಾತು ಮುಖ್ಯವಾಗಿ ತುಂಬುವವರನ್ನು ಕುರಿತದ್ದು. ಉದಾಹರಣೆಗೆ ನಮ್ಮ ಊರಿನ ಪಹಣಿಯನ್ನೇ ತೆಗೆದುಕೊಳ್ಳೋಣ.

ಉತ್ತರದ ಕಡೆಯವರು ಉತಾರ ಎನ್ನುತ್ತಾರೆ, ಕರಾವಳಿಯವರು ಆರ್‌ಟಿಸಿ ಎನ್ನುತ್ತಾರೆ; ಕಾಗದ ಒಂದೇ. ಬೆಳೆಸಾಲಕ್ಕೆ ಅದು ಬೇಕು, ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಖಾತೆ ಮಾಡಿಸಲು ಬೇಕು. ನಮಗೆ ಸಿಕ್ಕುವ ರಜೆ ಹತ್ತು ದಿನ. ಹೋಗಿ ಬರುವ ರೈಲಿನಲ್ಲೇ ನಾಲ್ಕು ದಿನ ಕಳೆಯುತ್ತದೆ. ಹಿಂದೆ ಸುಮಾರು 9,000 ಗ್ರಾಮ ಲೆಕ್ಕಿಗರು, ತಲಾ ಮೂರು ನಾಲ್ಕು ಹಳ್ಳಿಗಳ ದಫ್ತರವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಅವರು ಊರಲ್ಲಿ ಸಿಕ್ಕರೆ ನಮ್ಮ ಪುಣ್ಯ, ಸಿಕ್ಕಿ ಬರೆದುಕೊಟ್ಟರೆ ಪೂರ್ವಜನ್ಮದ ಪುಣ್ಯ. ಕೈಬೆಚ್ಚಗೆ ಮಾಡುವ ಮಾತು ಬೇರೆ.

ಇದನ್ನು ಗಣಕಕ್ಕೆ ತರುವ ಮೊದಲ ಪ್ರಯತ್ನ 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಆಯಿತು. ಈಗ ಅದು ಕಲಬುರಗಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಖಾತೆ ತಿದ್ದುವ ಕೆಲಸ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ. ತಾಲ್ಲೂಕಿನಲ್ಲಿ ಗಣಕ ಇಡಲು ಆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಗಣಕದೊಳಗೆ ಪಹಣಿ ತುಂಬಿಸುವುದು, ಹೊರಗೆ ಪುಸ್ತಕದಲ್ಲಿ ತಿದ್ದುವುದು: ಹೀಗಾದರೆ ಗಣಕದ ಪಹಣಿ ಹಳಸದೆ ಇನ್ನೇನಾದೀತು? ಯಂತ್ರ ಕೆಟ್ಟದ್ದಲ್ಲ. ಕೆಲಸ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಿರಲಿಲ್ಲ, ಅಷ್ಟೆ.

ಅನಂತರ ಬಂದದ್ದು ‘ಭೂಮಿ’. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು ನಡೆಸಿದ ಈ ಕಾರ್ಯದಲ್ಲಿ, 2000ದ ಆಚೀಚೆಯ ಕೆಲವೇ ವರ್ಷಗಳಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ತಾಲ್ಲೂಕು ಕಚೇರಿಯಲ್ಲೇ ಕೇಂದ್ರ ತೆರೆದರು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಗಣಕ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸಾರಿದರು.

ಅದರಲ್ಲಿ ಅಳವಡಿಸಿದ ಒಂದು ನಿಯಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಖಾತೆ ಬದಲಾವಣೆಯ ಅರ್ಜಿ ಬಂದೊಡನೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಮೊದಲು ಬಂದುದನ್ನು ಬಿಟ್ಟು ತಡವಾಗಿ ಬಂದುದನ್ನು ಎತ್ತಿಕೊಳ್ಳಲು ಗಣಕ ಬಿಡುವುದಿಲ್ಲ. ಕೇಳುವುದಕ್ಕೆ ರೇಷನ್ ಅಂಗಡಿಯ ಸಾಲಿನಷ್ಟು ಸರಳ. ಆದರೆ ಇಂಥ ನಿಯಮವನ್ನು ಕಾಗದದ ಮೇಲೆ ಬರೆದು ನೋಡಿದರೆ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಮೊದಲನೆಯ ಅರ್ಜಿಗೆ ದಾಯಾದಿಯೊಬ್ಬ ತಕರಾರು ಹಾಕಿದರೆ, ಬೆನ್ನಿಗಿರುವ ನೂರು ಮಂದಿ ಅವರ ವ್ಯಾಜ್ಯ ತೀರುವ ತನಕ ಕಾಯಬೇಕೆ? ತಕರಾರಿನ ಅರ್ಜಿಗೆ ಬೇರೆ ದಾರಿ ಬೇಕು. ಆ ದಾರಿಗೆ ಹಚ್ಚುವ ಅಧಿಕಾರ ಯಾರದು? ಅದೇ ಸಾಲು ತಪ್ಪಿಸುವ ಹೊಸ ಕಿಂಡಿಯಾದರೆ? ನೋಟೀಸಿನ ಅವಧಿ ಆಗ 30 ದಿನ. ಅದನ್ನು ಅರ್ಜಿ ಬಂದಂದಿನಿಂದ ಎಣಿಸಬೇಕೋ ನೋಟೀಸು ಮುಟ್ಟಿದಂದಿನಿಂದಲೋ? ಬರೆಯಲು ಕುಳಿತ ಹುಡುಗನಿಗೆ ಇದನ್ನೆಲ್ಲ ಹೇಳದಿದ್ದರೆ ಅವನು ತನಗೆ ತೋಚಿದಂತೆ ಬರೆಯುತ್ತಾನೆ. ಅವನಿಗೆ ತೋಚಿದ್ದೇ 2 ಕೋಟಿ ಪಹಣಿಗೆ ಕಾನೂನಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಕೇಂದ್ರದಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಟ್ಟರು. ಗುಮಾಸ್ತ ಏನು ಮಾಡುತ್ತಿದ್ದಾನೆಂದು ಅವನಿಗೂ ಕಾಣಲೆಂದು. ಇದಕ್ಕೆ ದೊಡ್ಡ ವಿದ್ಯೆ ಬೇಡ, ಆದರೆ ಕಿಟಕಿಯ ಈಚೆ ನಿಂತವನ ಸಂಶಯವನ್ನು ಯಾರೋ ಮೊದಲೇ ಊಹಿಸಿರಬೇಕು. ಗುಮಾಸ್ತನು ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ನಿಯಮವೂ ಇದೇ ಜಾತಿಯದು. ತಿದ್ದಿದವರು ಯಾರೆಂಬುದು ಆಮೇಲೆ ಅಡಗುವುದಿಲ್ಲ.

ಮಾತಿನ ತೊಡಕೂ ಉಂಟು. ನಮ್ಮಲ್ಲಿ ಜಮಾಬಂದಿ ಎಂದರೆ ಲೆಕ್ಕಪತ್ರಗಳ ವಾರ್ಷಿಕ ತಪಾಸಣೆ. ಈ ಹರಿಯಾಣದಲ್ಲಿ ಜಮಾಬಂದಿ ಎಂದರೆ ಜಮೀನಿನ ಹಕ್ಕಿನ ದಾಖಲೆ. ಅದರ ನಕಲಿಗೆ ಫರದ್, ಖಾತೆ ಬದಲಾವಣೆಗೆ ಇಂತಕಾಲ್ ಎನ್ನುತ್ತಾರೆ. ಬೆಂಗಳೂರಿನವನೊಬ್ಬ, ಇಲ್ಲಿಯ ಪಟವಾರಿಯೊಬ್ಬ ಎದುರುಬದುರು ಕುಳಿತು, “ಜಮಾಬಂದಿ ಸೇರಿಸೋಣ” “ಆಗಲಿ” ಎಂದು ತಲೆಯಾಡಿಸಿ ಎದ್ದರೆ, ಆರು ತಿಂಗಳ ಮೇಲೆ ಏನು ತಯಾರಾದೀತು ನೀವೇ ಊಹಿಸಿ. ಆದಕಾರಣ ಬಳಸುವ ಪ್ರತಿ ಮಾತಿಗೂ ಅರ್ಥ ಬರೆದಿಡುವುದು ಸೋಮಾರಿಗಳ ಕೆಲಸವಲ್ಲ.

ನಿಮ್ಮ ಕಚೇರಿಗೆ ಹೊಸ ತಂತ್ರಾಂಶ ಬರುವುದಕ್ಕೆ ಮುಂಚೆ ಯಾರಾದರೂ ಬಂದು “ಏನು ಬೇಕು” ಎಂದು ಕೇಳಿದರೆ, “ನೀವು ಕೊಟ್ಟದ್ದು ಸಾಕು ಸಾಹೇಬರೇ” ಎನ್ನಬೇಡಿ. ಇಡೀ ದಿನದ ಕೆಲಸವನ್ನು ನಡೆದ ಕ್ರಮದಲ್ಲಿ ಹೇಳಿ. ಸಾಮಾನು ಒಡೆದು ಬಂದ ದಿನ, ವಿದ್ಯುತ್ತು ಹೋದ ದಿನ, ಒಂದೇ ಹೆಸರಿನ ಇಬ್ಬರು ಕೆಲಸಕ್ಕೆ ಬಂದ ದಿನ ಏನು ಮಾಡಿದಿರೆಂದು ಹೇಳಿ. ಮೇಲಧಿಕಾರಿಗೆ ಈ ದಿನಗಳು ಗೊತ್ತಿರುವುದಿಲ್ಲ.

ಎಲ್ಲವನ್ನೂ ಮೊದಲೇ ಯೋಚಿಸಬಹುದೆಂದು ಮಾತ್ರ ನಾವು ವಾದಿಸುವುದಿಲ್ಲ. ‘ಭೂಮಿ’ ಮೊದಲಿಗೆ ಪಹಣಿಯ ಬರಹವನ್ನಷ್ಟೇ ಹಿಡಿದುಕೊಂಡು ನಕ್ಷೆಯನ್ನು ಮುಂದಕ್ಕೆ ಬಿಟ್ಟಿತು. ಅದು ವಿವೇಕವೆಂದೇ ನಮ್ಮ ಎಣಿಕೆ. ಇನ್ನು ಕೆಲವು ಕೊರತೆಗಳು ತಂತ್ರಾಂಶದವಲ್ಲ, ಕಾನೂನಿನವು. ಪಹಣಿಯ 12ನೆಯ ಕಲಮು ಸಾಗುವಳಿದಾರನದು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದ್ದರಿಂದ, ಬಾಯಿಮಾತಿನ ಮೇಲೆ ಪಾಲಿಗೆ ಉಳುವವನ ಹೆಸರು ಅಲ್ಲಿ ಏರುವುದು ಅಪರೂಪ. ಹಳೆಯ ಲೆಕ್ಕಿಗನಿಗೆ ಉಳುವವನು ಯಾರೆಂದು ಗೊತ್ತಿತ್ತು, ಗಣಕಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಹೊಲವನ್ನು ಹಾಗೆಯೇ ನೆರೆಯವರಿಗೆ ಒಪ್ಪಿಸಿ ಇಲ್ಲಿಗೆ ಬಂದವರು. ಬರಗಾಲದ ಬೆಳೆ ಪರಿಹಾರ ಪಹಣಿಯಲ್ಲಿರುವ ಹೆಸರು ನೋಡಿ ಬ್ಯಾಂಕಿಗೆ ಬೀಳುತ್ತದೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಊರಲ್ಲಿರುತ್ತಾನೆ, ಹಣ ಗುರುಗ್ರಾಮದಲ್ಲಿರುವವನ ಖಾತೆಗೆ ಬರುತ್ತದೆ. ಬಂದ ವಾರದಲ್ಲೇ ಅದನ್ನು ಊರಿಗೆ ಕಳುಹಿಸುವವರು ನಮ್ಮಲ್ಲಿದ್ದಾರೆ, ಕಳುಹಿಸದವರೂ ಇದ್ದಾರೆ.

ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.