ಹೇಳುವ ಬಾಯಿ, ಬರೆಯುವ ಕೈ

ಉಕ್ತಲೇಖನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಪ್ರಾಥಮಿಕ ಶಾಲೆಯ ನೆನಪು ಬರುತ್ತದೆ. ಮೇಷ್ಟರು ಪುಸ್ತಕ ಹಿಡಿದು ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತಿದ್ದರು. ನಾವು ಸ್ಲೇಟಿನ ಮೇಲೆ ತಲೆ ಬಗ್ಗಿಸಿ ಬರೆಯುತ್ತಿದ್ದೆವು. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾದರೆ ಕಿವಿ ಕೆಂಪಾಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಮತ್ತೆ ಆ ಉಕ್ತಲೇಖನಕ್ಕೆ ಮರಳಬೇಕಾಗಿ ಬಂದಿತು. ಕಣ್ಣಿನ ತೊಂದರೆಯಿಂದಾಗಿ ಓದು ಬರಹಗಳನ್ನು ಮಿತಿಯಲ್ಲಿಡಬೇಕೆಂದು ವೈದ್ಯರು ವಿಧಿಸಿದರು. ಕೈಯಲ್ಲಿದ್ದುದು ಅರ್ಧಕ್ಕೆ ನಿಂತ ಒಂದು ಪುಸ್ತಕ: ನನ್ನ ಜೊತೆಯಲ್ಲೇ ಪಾಠ ಹೇಳಿ, ನನಗಿಂತ ಮೊದಲೇ ಹೊರಟುಹೋದ ಒಬ್ಬ ಕವಿಮಿತ್ರರ ಜೀವನಚಿತ್ರ. ಅದನ್ನು ಮುಗಿಸಲು ಉಳಿದಿದ್ದ ದಾರಿ ಒಂದೇ. ಹೇಳುವವನು ನಾನು, ಬರೆಯುವವರು ಬೇರೊಬ್ಬರು.

ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ವ್ಯಾಸರು ಹೇಳಿದರು, ಗಣಪತಿ ಬರೆದ ಎಂಬ ಕಥೆಯಿಂದಲೇ ನಮ್ಮ ಮಹಾಭಾರತ ಆರಂಭವಾಗುತ್ತದೆ. ನಡುವೆ ನಿಲ್ಲಿಸಬಾರದೆಂಬುದು ಬರೆಯುವವನ ಕರಾರು. ಅರ್ಥವಾಗದೆ ಬರೆಯಬಾರದೆಂಬುದು ಹೇಳುವವನ ಕರಾರು. ಇಂಗ್ಲಿಷ್ ಕವಿ ಮಿಲ್ಟನ್ 1652ರ ಹೊತ್ತಿಗೆ ಪೂರ್ತಿ ದೃಷ್ಟಿ ಕಳೆದುಕೊಂಡಿದ್ದ. 1667ರಲ್ಲಿ ಪ್ರಕಟವಾದ ಅವನ ‘ಪ್ಯಾರಡೈಸ್ ಲಾಸ್ಟ್’ ಪರರ ಕೈಗಳಿಂದ ಕಾಗದಕ್ಕೆ ಇಳಿದ ಕಾವ್ಯ. ರಷ್ಯದ ದಾಸ್ತೊಯೆವ್‌ಸ್ಕಿಯ ಕಥೆ ಇನ್ನೂ ಸ್ವಾರಸ್ಯವಾದುದು. ಒಬ್ಬ ಪ್ರಕಾಶಕನ ಕಠಿಣ ಕರಾರಿಗೆ ಸಿಕ್ಕಿಬಿದ್ದ ಆತ 1866ರ ಅಕ್ಟೋಬರ್ ತಿಂಗಳಲ್ಲಿ ‘ಜೂಜುಕೋರ’ ಕಾದಂಬರಿಯನ್ನು ಇಪ್ಪತ್ತಾರು ದಿನಗಳಲ್ಲಿ ಬಾಯಲ್ಲೇ ಹೇಳಿ ಮುಗಿಸಿದ. ಅನ್ನಾ ಗ್ರಿಗೊರ್ಯೆವ್ನಾ ಎಂಬ ತರುಣಿ ಹಗಲು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಮನೆಗೆ ಹೋಗಿ ಅದನ್ನು ಬಿಡಿಸಿ ಬರೆದು ತರುತ್ತಿದ್ದಳು. ಮರುವರ್ಷ ಅವಳನ್ನೇ ಆತ ಮದುವೆಯಾದ. ಬರೆಯುವ ಕೈಗೆ ಕಿವಿಯೂ ಇರುತ್ತದೆ, ಮನಸ್ಸೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಈ ಸರಳವಾದ ಸಂಗತಿಯನ್ನು ನಾನು ಕಲಿತುದು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ.

ಈಗ ಮಾತನ್ನು ಕೇಳಿ ತಾವೇ ಅಕ್ಷರ ಮೂಡಿಸುವ ಯಂತ್ರಗಳು ಬಂದಿವೆ. ನಾನೂ ಪ್ರಯತ್ನಿಸಿ ನೋಡಿದೆ. ಮನೆಮಾತಿನ ಮಟ್ಟಿಗೆ ಅವು ಜಾಣರೇ. ಆದರೆ ನಡುವೆ ಒಂದು ಹಳಗನ್ನಡದ ಪದ್ಯ ಬಂದಿತೆಂದರೆ, ಚಂಪಕಮಾಲೆಯನ್ನು ಹರಿದು ದಿನಸಿ ಪಟ್ಟಿ ಮಾಡಿಡುತ್ತವೆ. ಹೀಗಾಗಿ ಪರಿಚಿತ ಮುದ್ರಕರೊಬ್ಬರ ಮೂಲಕ ಸಾಗರದ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿಕೊಂಡೆ. ಆಕೆ ಕನ್ನಡವನ್ನು ಚೆನ್ನಾಗಿ ಓದಿದವರು. ಮನೆಯಲ್ಲೇ ಕುಳಿತು ಬೆರಳಚ್ಚಿನ ಕೆಲಸ ಮಾಡುವವರು. ನಾನಿರುವುದು ಮೈಸೂರಿನಲ್ಲಿ. ಬೆಳಗಿನ ಕಾಫಿ ಮುಗಿಸಿ, ಮೊಬೈಲ್ ಫೋನನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆ ಮಾತನಾಡುವುದು. ಆ ಧ್ವನಿಯ ಫೈಲನ್ನು ಇ-ಮೇಲಿನಲ್ಲಿ ಕಳಿಸುವುದು. ಸಂಜೆಗೆ ಅಚ್ಚುಕಟ್ಟಾದ ಪುಟಗಳು ಮರಳಿ ಬರುವುದು. ಎರಡು ತಿಂಗಳು ಈ ವ್ಯವಹಾರ ಎಣ್ಣೆ ಹಾಕಿದ ಗಾಣದಂತೆ ನಡೆಯಿತು.

ಒಂದು ದಿನ ಸಂಜೆ ಪುಟಗಳು ಬರಲಿಲ್ಲ. ಫೋನು ಮಾಡಿದೆ. “ಇವತ್ತು ಏನೂ ಬಂದಿಲ್ಲವಲ್ಲ ಸರ್” ಎಂದರು ಆಕೆ. ತೆರೆದು ನೋಡಿದರೆ ಫೈಲು ಹೋಗಿತ್ತು, ಆದರೆ ಅವರಿಗಲ್ಲ. ಹೆಸರಿನ ಮೊದಲ ಮೂರು ಅಕ್ಷರ ಒತ್ತುವಷ್ಟರಲ್ಲಿ ಯಂತ್ರವೇ ಪೂರ್ತಿ ವಿಳಾಸವನ್ನು ತುಂಬಿಕೊಟ್ಟಿತ್ತು. ಅದೇ ಅಕ್ಷರಗಳಿಂದ ಆರಂಭವಾಗುವ ಹೆಸರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವಿಳಾಸ ಅದು. ಮಂದಗಣ್ಣಿನಿಂದ ನಾನು ನೋಡದೆ ಕಳಿಸಿಬಿಟ್ಟಿದ್ದೆ. ಕಳಿಸಿದುದನ್ನು ಹಿಂದಕ್ಕೆ ಕರೆಯಲು ಜೀಮೇಲ್ ಕೊಡುವ ಅವಕಾಶ ಹೆಚ್ಚೆಂದರೆ 30 ಸೆಕೆಂಡು. ಆಗಲೇ ಹತ್ತು ಗಂಟೆ ಕಳೆದಿತ್ತು.

ಬೇರೆ ಯಾವ ದಿನದ ಫೈಲಾಗಿದ್ದರೂ ನಕ್ಕು ಸುಮ್ಮನಾಗುತ್ತಿದ್ದೆ. ಅಂದು ನಾನು ಹೇಳಿದ್ದುದು ಮಿತ್ರರ ಕೊನೆಯ ದಿನಗಳ ಅಧ್ಯಾಯ. ಅದರಲ್ಲಿ ಹನ್ನೆರಡು ನಿಮಿಷದಷ್ಟು ಭಾಗ, ಅವರ ಪತ್ನಿ ಒಂದು ಮಧ್ಯಾಹ್ನ ನನ್ನೊಬ್ಬನಿಗೆ ಹೇಳಿದ ಸಂಗತಿ. ಅತ್ತಿಗೆ ಎಂದೇ ನಾನು ಆಕೆಯನ್ನು ಕರೆಯುವುದು. “ನಾನಿರುವ ತನಕ ಇದು ಅಚ್ಚಾಗಬಾರದು” ಎಂದು ಅವರು ಹೇಳಿದ್ದರು, ನಾನು ಒಪ್ಪಿದ್ದೆ. ಅಚ್ಚು ಮಾಡಿಸುವುದಕ್ಕಲ್ಲ, ಮರೆಯಬಾರದೆಂದು ಅದನ್ನು ಬರೆಸಿಡಲು ಹೊರಟಿದ್ದೆ. ಸಾಲದುದಕ್ಕೆ ಫೈಲಿಗೆ ಮಿತ್ರರ ಹೆಸರನ್ನೇ ಇಟ್ಟಿದ್ದೆ.

ವಿದ್ಯಾರ್ಥಿಗೆ ಫೋನು ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಆತ, “ಮೇಷ್ಟ್ರೇ, ಒಂದೆರಡು ನಿಮಿಷ ಕೇಳಿದೆ, ನನಗೆ ಕಳಿಸಿದ್ದಲ್ಲ ಎನ್ನಿಸಿತು, ನಿಲ್ಲಿಸಿದೆ. ಈಗಲೇ ಅಳಿಸಿಬಿಡುತ್ತೇನೆ” ಎಂದ. ಅವನ ಮಾತನ್ನು ನಾನು ನಂಬಿದೆ, ಇಂದಿಗೂ ನಂಬುತ್ತೇನೆ. ಆದರೆ ನಂಬುವುದಲ್ಲದೆ ಬೇರೆ ದಾರಿ ನನಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆ ವಾರ ಬೆಂಗಳೂರಿನಿಂದ ತಂಗಿಯ ಮಗಳು ಬಂದಿದ್ದಳು. ಕಂಪ್ಯೂಟರ್ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ನಡೆದುದನ್ನು ಕೇಳಿ, “ಮಾವ, ನೀವು ಇಷ್ಟು ದಿನ ಕಳಿಸುತ್ತಿದ್ದುದು ಲಕೋಟೆಯಲ್ಲ, ಬರಿಯ ಕಾರ್ಡು” ಎಂದಳು. ನಮ್ಮ ದೇಶಕ್ಕೆ ಅಂಚೆಯ ಕಾರ್ಡು ಬಂದುದು 1879ರಲ್ಲಿ, ಕಾಲಾಣೆ ಬೆಲೆಗೆ. ಕಾರ್ಡಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬ ವಿವೇಕ ನಮ್ಮ ಹಿರಿಯರಿಗೆ ತಾನಾಗಿಯೇ ಬಂದಿತ್ತು. ಇ-ಮೇಲಿನ ವಿಷಯದಲ್ಲಿ ಆ ವಿವೇಕ ನಮಗಿನ್ನೂ ಬಂದಿಲ್ಲ.

ಅವಳು ವಿವರಿಸಿದುದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಜಾಲದ ಮೂಲಕ ಕಾಗದ ಕಳಿಸುವುದನ್ನು ರೇ ಟಾಮ್ಲಿನ್‌ಸನ್ ಎಂಬಾತ 1971ರಲ್ಲಿ ಮಾಡಿ ತೋರಿಸಿದ. ವಿಳಾಸದ ನಡುವಿನ ಆ ಸುತ್ತು ಚಿಹ್ನೆಯನ್ನು ಆರಿಸಿದವನೂ ಅವನೇ. ಇಂದಿಗೂ ಬಳಕೆಯಲ್ಲಿರುವ ಸಾಗಣೆಯ ನಿಯಮಾವಳಿ 1982ರಲ್ಲಿ ಪ್ರಕಟವಾಯಿತು. ಆ ಮೂಲ ನಿಯಮದಲ್ಲಿ ಗುಟ್ಟಿನ ಏರ್ಪಾಡೇ ಇರಲಿಲ್ಲ. ಆಮೇಲೆ ದಾರಿಗೆ ರಕ್ಷಣೆ ಬಂದಿತು. ಇಂದು ದೊಡ್ಡ ಸೇವೆಗಳ ನಡುವೆ ಓಡಾಡುವ ಅಂಚೆ ಬಹುಪಾಲು ಗೂಢಲಿಪಿಯಲ್ಲೇ ಓಡಾಡುತ್ತದೆ. ಆದರೆ ಅದು ಅಂಚೆಯ ಚೀಲಕ್ಕೆ ಹಾಕಿದ ಬೀಗ, ಒಳಗಿನ ಕಾಗದಕ್ಕಲ್ಲ. ಚೀಲ ಅಂಚೆಮನೆಯಲ್ಲಿ ಬಿಚ್ಚಿಕೊಂಡಾಗ ಕಾರ್ಡು ಕಾರ್ಡೇ. ತಪ್ಪು ಮನೆಗೆ ಹೋದರೆ ಆ ಮನೆಯವರೂ ಓದಬಹುದು.

ಕಾಗದಕ್ಕೇ ಬೀಗ ಹಾಕುವ ವಿದ್ಯೆಯೂ ಇದೆ. ಗೂಢಲೇಖನವೆಂಬುದು ಕೌಟಿಲ್ಯನ ಅರ್ಥಶಾಸ್ತ್ರಕ್ಕೇ ಪರಿಚಿತವಾದ ಸಂಗತಿ. ಹಳೆಯ ಪದ್ಧತಿಯ ತೊಡಕೆಂದರೆ, ಬೀಗದ ಕೈಯನ್ನು ಆಚೆಯವರಿಗೆ ಗುಟ್ಟಾಗಿ ಮುಟ್ಟಿಸುವುದು ಹೇಗೆ ಎಂಬುದು. 1976ರಲ್ಲಿ ಡಿಫಿ ಮತ್ತು ಹೆಲ್ಮನ್, 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದಕ್ಕೆ ಗಣಿತದಿಂದ ಪರಿಹಾರ ಕಂಡರು. ಅದರ ತಾತ್ಪರ್ಯ ಹೀಗೆ: ನಾನು ತೆರೆದ ಬೀಗವೊಂದನ್ನು ನಿಮಗೆ ಕಳಿಸಿಕೊಡುತ್ತೇನೆ, ನೀವು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಅದನ್ನು ಒತ್ತಿ ಕಳಿಸುತ್ತೀರಿ, ಕೈ ಮಾತ್ರ ಮೊದಲಿನಿಂದಲೂ ನನ್ನ ಜೇಬಿನಲ್ಲೇ ಇರುತ್ತದೆ. ಇ-ಮೇಲಿಗೆ ಇದನ್ನು ಅಳವಡಿಸಿದ ತಂತ್ರಾಂಶವನ್ನು ಫಿಲ್ ಝಿಮ್ಮರ್‌ಮನ್ 1991ರಲ್ಲಿ ಹೊರತಂದ. ಕಲ್ಪನೆ ಅದ್ಭುತವಾದುದೇ. ಆದರೆ ದಿನನಿತ್ಯದ ಬಳಕೆಗೆ ನನಗಾಗಲಿ ಸಾಗರದ ಆ ಹೆಣ್ಣುಮಗಳಿಗಾಗಲಿ ಅದು ಹಗುರವೆನಿಸಲಿಲ್ಲ. ಸೋದರಸೊಸೆ ಸುಲಭದ ದಾರಿಯೊಂದನ್ನು ಹಾಕಿಕೊಟ್ಟಳು.

ಮೊದಲನೆಯದಾಗಿ, ಈ ಕೆಲಸಕ್ಕೆಂದೇ ಬೇರೊಂದು ಇ-ಮೇಲ್ ಖಾತೆ. ಅದರ ವಿಳಾಸಪುಸ್ತಕದಲ್ಲಿ ಇರುವುದು ಒಂದೇ ಹೆಸರು. ತಪ್ಪಬೇಕೆಂದರೂ ಬೇರೆ ವಿಳಾಸ ಅಲ್ಲಿಲ್ಲ. ಆ ಖಾತೆಗೆ ಪಾಸ್‌ವರ್ಡಿನ ಜೊತೆಗೆ, ಫೋನಿಗೆ ಬರುವ ಸಂಖ್ಯೆಯನ್ನೂ ಕೇಳುವ ಎರಡನೆಯ ಬಾಗಿಲು. ಎರಡನೆಯದಾಗಿ, ಫೈಲನ್ನು 7-ಝಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿ, ಪಾಸ್‌ವರ್ಡ್ ಹಾಕಿ ಬೀಗ ಜಡಿಯುವುದು. ಆ ಪಾಸ್‌ವರ್ಡನ್ನು ಎಂದೂ ಇ-ಮೇಲಿನಲ್ಲಿ ಬರೆಯಬಾರದು. ಫೋನಿನಲ್ಲಿ ಬಾಯಿಂದಲೇ ಹೇಳಬೇಕು. ಪೆಟ್ಟಿಗೆ ಒಂದು ದಾರಿ, ಕೈ ಇನ್ನೊಂದು ದಾರಿ. ಅಂದು ನಾನು ಹೀಗೆ ಮಾಡಿದ್ದರೆ ಹಳೆಯ ವಿದ್ಯಾರ್ಥಿಯ ಮನೆಗೆ ತೆರೆಯಲಾಗದ ಪೆಟ್ಟಿಗೆಯೊಂದು ಹೋಗುತ್ತಿತ್ತು, ಅಷ್ಟೆ.

ಪಾಸ್‌ವರ್ಡಿಗೆ ನಾನು ಷಟ್ಪದಿಯ ಒಂದು ಸಾಲನ್ನು ಸೂಚಿಸಿದೆ. “ಅಚ್ಚಾದ ಸಾಲು ಬೇಡ ಮಾವ, ಹುಟ್ಟಿದ ದಿನವೂ ಬೇಡ, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಹೇಳಿ” ಎಂದಳು. ಜೀವಮಾನವೆಲ್ಲ ಪದಗಳಿಗೆ ಸಂಬಂಧ ಕಲ್ಪಿಸಿ ಪಾಠ ಹೇಳಿದವನಿಗೆ ಅದು ಕಷ್ಟವೇ ಆಯಿತು. ಈ ಬೀಗಕ್ಕೆ ಬದಲಿ ಕೈ ಇಲ್ಲವಾದುದರಿಂದ ಆ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ.

ಗಾತ್ರದ ವಿಷಯವೂ ಒಂದಿದೆ. ಸಂಕುಚಿಸದ ಧ್ವನಿ, ಮಾತಿಗೆ ಸಾಕಾಗುವ ಮಟ್ಟದಲ್ಲಿಯೇ, ನಿಮಿಷಕ್ಕೆ ಸುಮಾರು 2 ಮೆಗಾಬೈಟ್ ಆಗುತ್ತದೆ. ಅರ್ಧ ಗಂಟೆಗೆ 57ರಷ್ಟು. ಜೀಮೇಲ್ ಒಪ್ಪುವುದು 25. ಅದೇ ಮಾತನ್ನು ಎಂಪಿ3 ರೂಪಕ್ಕೆ, ಸೆಕೆಂಡಿಗೆ 64 ಕಿಲೋಬಿಟ್ ದರಕ್ಕೆ ಇಳಿಸಿದರೆ ಹದಿನಾಲ್ಕೂವರೆಯ ಒಳಗೆ ಮುಗಿಯುತ್ತದೆ. ಅಂಚೆಗೆ ಹಾಕುವಾಗ ಯಂತ್ರ ಅದನ್ನು ಅಕ್ಷರಗಳಾಗಿ ಮಾರ್ಪಡಿಸುವುದರಿಂದ ಮೂರು ಪಾಲು ನಾಲ್ಕಾಗುತ್ತದೆ. ಆದರೂ ಮಿತಿ ಮೀರುವುದಿಲ್ಲ. ಫೈಲಿಗೆ ಈಗ ಹೆಸರಿಲ್ಲ, ಸಂಖ್ಯೆ ಮಾತ್ರ.

ಇಷ್ಟೆಲ್ಲ ಏರ್ಪಾಟು ಮಾಡಿಕೊಂಡ ಮೇಲೆ ಒಂದು ಕೆಲಸ ಉಳಿದಿತ್ತು. ಅತ್ತಿಗೆಯ ಮನೆಗೆ ಹೋದೆ. ನಡೆದುದನ್ನೆಲ್ಲ ಹೇಳಿ, ಹೊಸ ಬೀಗದ ವಿವರವನ್ನೂ ಹೇಳಿ, ಇನ್ನು ಮುಂದೆ ಚಿಂತೆಯಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದು ಸರಿಯಾದ ವಿಳಾಸಕ್ಕೇ ಹೋಗಿದ್ದರೆ ಕೇಳುತ್ತಿದ್ದವರು ಯಾರು?”

“ಬೆರಳಚ್ಚು ಮಾಡುವವರು, ಸಾಗರದವರು” ಎಂದೆ.

“ಅವರೂ ಕೇಳುತ್ತಾರೆಂದು ನೀವು ನನಗೆ ಹೇಳಿರಲಿಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ವಿಳಾಸಕ್ಕೆ ಹೋಯಿತೆಂದು ನಾನು ಒಂದು ವಾರ ನಿದ್ದೆಗೆಟ್ಟಿದ್ದೆ. ಸರಿಯಾದ ವಿಳಾಸಕ್ಕೆ ಹೋಗಿದ್ದರೆ ನೆಮ್ಮದಿಯಿಂದ ಮಲಗುತ್ತಿದ್ದೆ. ಅತ್ತಿಗೆಯ ದೃಷ್ಟಿಯಲ್ಲಿ ಎರಡಕ್ಕೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ಅವರು ಮಾತನ್ನು ಕೊಟ್ಟುದು ನನ್ನ ಕಿವಿಗೆ. ಅದನ್ನು ಇನ್ನೊಂದು ಕಿವಿಗೆ ದಾಟಿಸಲು ನಾನು ಅಪ್ಪಣೆ ಪಡೆದಿರಲಿಲ್ಲ. ಪಡೆಯಬೇಕೆಂದು ನನಗೆ ತೋರಿರಲೂ ಇಲ್ಲ. ಏಕೆ ತೋರಲಿಲ್ಲ? ಬರೆಯುವ ಆ ಹೆಣ್ಣುಮಗಳನ್ನು ನಾನು ಕೈಯೆಂದು ಎಣಿಸಿದ್ದೆನೇ ಹೊರತು ಮನುಷ್ಯರೆಂದು ಎಣಿಸಿರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಸಿ ಹಂಚಿದಳೆಂದು ನಾವು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತೇವೆ. ಬರೆದವರು ಯಾರೆಂದು ಕೇಳಿದ ವಿದ್ಯಾರ್ಥಿ ನನಗೆ ಸಿಗಲಿಲ್ಲ, ನಾನೂ ಕೇಳಿಕೊಂಡವನಲ್ಲ.

ಅತ್ತಿಗೆ ಕೊನೆಗೆ, “ಆಕೆಯ ಹತ್ತಿರ ನಾನು ಮಾತನಾಡಬಹುದೇ?” ಎಂದರು. ಅಲ್ಲಿಂದಲೇ ಫೋನು ಹಚ್ಚಿಕೊಟ್ಟು ನಾನು ಹೊರಗೆ ಜಗಲಿಯಲ್ಲಿ ಕುಳಿತೆ. ಅವರಿಬ್ಬರೂ ಅರ್ಧ ಗಂಟೆ ಮಾತನಾಡಿದರು. ಏನು ಮಾತನಾಡಿದರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊರಗೆ ಬಂದು ಅತ್ತಿಗೆ, “ಆ ಅಧ್ಯಾಯ ಅವರಿಗೆ ಕಳಿಸಿ. ಆದರೆ ಆ ಹನ್ನೆರಡು ನಿಮಿಷ ಬೇಡ. ಅದು ನಿಮ್ಮಲ್ಲೇ ಇರಲಿ” ಎಂದರು.

ಹಾಗೆಯೇ ಮಾಡಿದೆ. ಆ ಭಾಗವನ್ನು ಫೋನಿನಿಂದ ಅಳಿಸಿದೆ. ನನಗೆ ತಿಳಿಯದಂತೆ ಫೋನು ತಾನಾಗಿಯೇ ದೂರದ ಸಂಗ್ರಹದಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಪ್ರತಿಯನ್ನೂ ಸೋದರಸೊಸೆ ಹುಡುಕಿ ತೆಗೆದಳು. ಈಗ ಪ್ರತಿದಿನವೂ ಹೇಳುವುದಕ್ಕೆ ಮೊದಲು, ಇದನ್ನು ನನಗೆ ಹೇಳಿದವರು ಯಾರು, ಕೇಳುವವರು ಯಾರು ಎಂದು ಒಂದು ಕ್ಷಣ ಯೋಚಿಸುತ್ತೇನೆ. ಆಮೇಲೆ ಬೀಗ ಹಾಕಿ ಕಳಿಸುತ್ತೇನೆ. ಪುಟಗಳು ಬಂದು ತಿದ್ದಿ ಮುಗಿದ ತಿಂಗಳಿಗೆ ಎರಡೂ ಕಡೆ ಧ್ವನಿಯನ್ನು ಅಳಿಸುವುದೆಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೇವೆ. ಪುಸ್ತಕ ಹೆಚ್ಚುಕಡಿಮೆ ಮುಗಿದಿದೆ. ಒಳಪುಟದಲ್ಲಿ, ನನ್ನ ಹೆಸರಿನ ಕೆಳಗೆ, ‘ಬರೆದುಕೊಂಡವರು’ ಎಂದು ಸಾಗರದ ಆ ಹೆಣ್ಣುಮಗಳ ಹೆಸರನ್ನು ಹಾಕಿಸಬೇಕೆಂದಿದ್ದೇನೆ. ಅದಕ್ಕೆ ಅವರ ಒಪ್ಪಿಗೆಯನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

(ಬಾನುಲಿ ಭಾಷಣ)