ಮಕ್ಕಳ ಜೊತೆ ಅಂಡಮಾನ್ ಪ್ಲ್ಯಾನ್ ಇದ್ಯಾ? ಕೊನೇ ದಿನದ ಲೆಕ್ಕ ಮೊದಲು ಹಾಕಿ

 

ಬೇಸಿಗೆ ರಜೆ, ದಸರಾ ರಜೆ ಹತ್ರ ಬಂದಾಗೆಲ್ಲ ನನಗೆ ಒಂದೇ ಥರದ ಮೆಸೇಜ್ ಬರುತ್ತೆ. "ಬ್ರೋ, ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಅಂಡಮಾನ್‌ಗೆ ಹೋಗಬಹುದಾ, ಎಷ್ಟು ದಿನ ಬೇಕು, ಎಷ್ಟು ಖರ್ಚಾಗುತ್ತೆ?" ಇವತ್ತು ಅದಕ್ಕೆ ಉತ್ತರ ಹೇಳ್ತೀನಿ. ಆದ್ರೆ ನಾನು ಇದ್ರಲ್ಲಿ ಎಕ್ಸ್‌ಪರ್ಟ್ ಅಂತ ಅಲ್ಲ. ಒಂದು ತಪ್ಪು ಪ್ಲ್ಯಾನ್ ಮಾಡಿ, ನಮ್ಮಕ್ಕನ 48 ಸಾವಿರ ರೂಪಾಯಿ ನೀರಲ್ಲಿ ಹಾಕಿದವನು ನಾನು. ಹಾಗಾಗಿ ಸ್ವಲ್ಪ ಅನುಭವ ಇದೆ.

ಕಳೆದ ಜನವರಿ ಕೊನೇಲಿ ನಾವು ಐದು ಜನ ಹೋಗಿದ್ವಿ. ನಾನು, ಅಮ್ಮ, ಅಕ್ಕ, ಅಕ್ಕನ ಇಬ್ಬರು ಮಕ್ಕಳು. ದೊಡ್ಡವನಿಗೆ ಒಂಬತ್ತು, ಪುಟ್ಟಿಗೆ ಐದು. ಭಾವನಿಗೆ ರಜೆ ಸಿಗಲಿಲ್ಲ. ದುಡ್ಡು ಅಕ್ಕನದು, ಮೂರು ವರ್ಷ ಕಟ್ಟಿದ ಚೀಟಿ ಎತ್ತಿ ಬಂದಿದ್ದು. "ನೀನು ಬಿ.ಕಾಂ. ಓದಿದೀಯ, ಲೆಕ್ಕ ಎಲ್ಲ ನೀನೇ ನೋಡ್ಕೋ" ಅಂತ ನನ್ನ ಕೈಗೆ ಕೊಟ್ಲು. ನಾನು ಎಕ್ಸೆಲ್ ಶೀಟ್ ತೆಗೆದು ಕೂತೆ. ಆರು ದಿನ, ಹದಿನಾಲ್ಕು ಜಾಗ. ಒಂದೊಂದು ಜಾಗಕ್ಕೂ ಟೈಮು, ಒಂದೊಂದು ಊಟಕ್ಕೂ ಬಜೆಟ್ಟು. ನೋಡೋಕೆ ಚೆನ್ನಾಗಿತ್ತು.

ಕೊನೇ ದಿನದ ಸಾಲು ಹೀಗಿತ್ತು: ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಫೆರ್ರಿ, ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ಫ್ಲೈಟ್. ಹೀಗೆ ಮಾಡಿದ್ರೆ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ ಹೋಟೆಲ್ ಉಳಿಯುತ್ತೆ, 3,800 ರೂಪಾಯಿ. ಅಮ್ಮ ಒಂದು ಸಲ ಕೇಳಿದ್ರು, "ಸಮುದ್ರನ ನಂಬ್ಕೊಂಡು ವಿಮಾನಕ್ಕೆ ಟಿಕೆಟ್ ತೆಗೀತಾರೇನೋ?" ನಾನು ನಕ್ಕೆ. ಜನವರಿ ಸೀಸನ್ ಅಮ್ಮ, ಏನಾಗಲ್ಲ ಅಂದೆ.

ಅದರ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ಎರಡೂ 2018ರಲ್ಲಿ ಬದಲಾದದ್ದು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯ್ತು. ಬುಕಿಂಗ್ ಆ್ಯಪ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ಹೆಸರು ಇರುತ್ತೆ, ಗಾಬರಿ ಆಗ್ಬೇಡಿ. ಬೆಂಗಳೂರಿಂದ ವಿಮಾನದಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಅಲ್ಲಿಂದ ಹ್ಯಾವ್‌ಲಾಕ್‌ಗೆ ಪ್ರೈವೇಟ್ ಫೆರ್ರಿಯಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಈ ಫೆರ್ರಿಯಲ್ಲೇ ಪುಟ್ಟಿ ಎರಡು ಸಲ ವಾಂತಿ ಮಾಡಿದ್ಲು. ಹೊರಡೋ ಮುಂಚೆನೇ ಮಕ್ಕಳ ಡಾಕ್ಟರ್ ಹತ್ರ ಕೇಳಿ ಮಾತ್ರೆ ಬರೆಸ್ಕೊಳ್ಳಿ, ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡೋಕೆ ಹೋಗ್ಬೇಡಿ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಲೂಬೇಡಿ. ನಾನು ಜೆಟ್ಟಿ ಹತ್ರ ಪೂರಿ ತಿನ್ನಿಸಿದ್ದೆ!

ಎರಡನೇ ದಿನಕ್ಕೇ ನನ್ನ ಶೀಟ್ ಕುಸಿಯಿತು. ಬೆಳಿಗ್ಗೆ ಎಲಿಫೆಂಟ್ ಬೀಚ್‌ಗೆ ದೋಣಿ, ಅಲ್ಲಿ ಸ್ನಾರ್ಕೆಲಿಂಗ್. ದೊಡ್ಡವನು ಮಾಸ್ಕ್ ಹಾಕ್ಕೊಂಡು ನೀರಿಗಿಳಿದ. ಪುಟ್ಟಿ ಮಾಸ್ಕ್ ನೋಡಿದ ಕೂಡಲೇ ಜೋರಾಗಿ ಅಳೋಕೆ ಶುರು ಮಾಡಿದ್ಲು. ದುಡ್ಡು ಕಟ್ಟಾಗಿತ್ತು. ನಾನು ಹತ್ತು ನಿಮಿಷ ಪುಸಲಾಯಿಸಿದೆ, ಆಮೇಲೆ ಸ್ವಲ್ಪ ಗದರಿದೆ ಕೂಡ. ಅಕ್ಕ ಅವಳನ್ನ ಎತ್ಕೊಂಡು ಮರದ ಕೆಳಗೆ ಹೋಗಿ ಕೂತ್ಲು. ವಾಪಸ್ ಬರುವಾಗ ದೋಣಿಯಲ್ಲಿ ಒಂದೇ ಮಾತು ಕೇಳಿದ್ಲು: "ನಾವು ಟ್ರಿಪ್ಪಿಗೆ ಬಂದಿದೀವಾ, ನಿನ್ನ ಎಕ್ಸೆಲ್ ಟಿಕ್ ಮಾಡೋಕೆ ಬಂದಿದೀವಾ?"

ಆ ರಾತ್ರಿ ಹದಿನಾಲ್ಕರಲ್ಲಿ ಎಂಟು ಜಾಗ ಡಿಲೀಟ್ ಮಾಡಿದೆ. ನೀಲ್ ದ್ವೀಪ ಬಿಟ್ಟೆ. ಬಾರಾಟಂಗ್ ಬಿಟ್ಟೆ. ಬಾರಾಟಂಗ್ ಬಗ್ಗೆ ತುಂಬಾ ಜನ ಕೇಳ್ತೀರಿ, ಹಾಗಾಗಿ ಹೇಳ್ತೀನಿ. ಸುಣ್ಣದ ಗುಹೆ, ಮಣ್ಣಿನ ಜ್ವಾಲಾಮುಖಿ ಎಲ್ಲ ಇದೆ. ಆದ್ರೆ ಮಕ್ಕಳನ್ನ ಬೆಳಗಿನ ಜಾವ ಮೂರು ಗಂಟೆಗೆ ಎಬ್ಬಿಸ್ಬೇಕು. ರಸ್ತೆ ಹೋಗೋದು ಜಾರವಾ ಜನರ ಮೀಸಲು ಪ್ರದೇಶದ ಒಳಗೆ. ಗಾಡಿಗಳು ಬೆಂಗಾವಲಿನಲ್ಲಿ ಸಾಲಾಗಿ ಹೋಗ್ತವೆ, ನಿಲ್ಲಿಸೋ ಹಾಗಿಲ್ಲ, ಅವರ ಫೋಟೋ ತೆಗೆಯೋದು ಅಪರಾಧ. ಆದ್ರೂ ಎಲ್ಲರ ಕಣ್ಣು ಕಿಟಕಿಯಲ್ಲೇ ಇರುತ್ತೆ ಅಂತ ಹೋಗಿ ಬಂದವರು ಹೇಳ್ತಾರೆ. ಮನುಷ್ಯರನ್ನ ಕಿಟಕಿಯಿಂದ ನೋಡೋಕೆ ನಮ್ಮ ಮಕ್ಕಳಿಗೆ ಕಲಿಸೋದು ನನಗೆ ಇಷ್ಟ ಆಗಲಿಲ್ಲ.

ಮಿಕ್ಕಿದ್ದು ನಮ್ಮ ರೂಮಿನ ಎದುರಿನ ಬೀಚ್. ಹೆಸರು ವಿಜಯನಗರ. ಅಮ್ಮ ಬೋರ್ಡ್ ನೋಡಿ, "ಮೆಟ್ರೋ ಸ್ಟೇಷನ್ ಎಲ್ಲಿದೆಯೋ?" ಅಂದ್ರು. ಹ್ಯಾವ್‌ಲಾಕ್‌ನ ಊರುಗಳೆಲ್ಲ ಹೀಗೇ, ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶ ವಿಭಜನೆ ಆದ್ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲೆ ನಿಂತ ಊರುಗಳು ಇವು. ಹೋಟೆಲ್ಲಿನ ಅಡುಗೆಯವರು ಬಂಗಾಳಿಯಲ್ಲೇ ಮಾತಾಡ್ತಿದ್ರು.

ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಸಮುದ್ರನೇ ಇಲ್ಲ! ಇಳಿತಕ್ಕೆ ನೀರು ಅಷ್ಟು ದೂರ ಸರಿದಿತ್ತು. ಕಲ್ಲುಗಳ ಮಧ್ಯೆ ಅಲ್ಲಲ್ಲಿ ಚಿಕ್ಕ ಚಿಕ್ಕ ಹೊಂಡ. ಸ್ನಾರ್ಕೆಲಿಂಗ್‌ಗೆ ಅತ್ತ ಪುಟ್ಟಿ ಇಲ್ಲಿ ಪಾದ ಮುಳುಗೋಷ್ಟು ನೀರಲ್ಲಿ ಎರಡು ಗಂಟೆ ಕುಕ್ಕರಗಾಲಲ್ಲಿ ಕೂತಿದ್ಲು. ಸಮುದ್ರ ಸೌತೆ ನೋಡಿದ್ಲು, ಬೆರಳುದ್ದದ ಮೀನು ನೋಡಿದ್ಲು. ಆಮೇಲೆ ಒಂದು ಶಂಖ ತಾನೇ ನಡ್ಕೊಂಡು ಹೋಯ್ತು.

ಅದು ಹರ್ಮಿಟ್ ಕ್ರ್ಯಾಬ್. ಅದರ ಹೊಟ್ಟೆ ಭಾಗ ಮೆತ್ತಗಿರುತ್ತೆ, ಸ್ವಂತ ಚಿಪ್ಪಿಲ್ಲ. ಖಾಲಿ ಶಂಖ ಹುಡ್ಕೊಂಡು ಅದರೊಳಗೆ ಸೇರ್ಕೊಳ್ಳುತ್ತೆ. ಬೆಳೆದ ಹಾಗೆಲ್ಲ ಇನ್ನೂ ದೊಡ್ಡ ಶಂಖ ಬೇಕು. ಒಂದು ದೊಡ್ಡ ಖಾಲಿ ಶಂಖ ಸಿಕ್ಕಿದ್ರೆ ಕೆಲವು ಸಲ ಏಡಿಗಳು ಸೈಜ್ ಪ್ರಕಾರ ಕ್ಯೂ ನಿಲ್ತವಂತೆ, ದೊಡ್ಡದು ಹೊಸ ಮನೆಗೆ, ಅದರ ಮನೆಗೆ ಹಿಂದಿನದು. ದೊಡ್ಡವನು ತಕ್ಷಣ, "ಓ, ನಾವು ಬಾಡಿಗೆ ಮನೆ ಬದಲಾಯಿಸಿದ ಹಾಗೆ" ಅಂದ. "ಇವಕ್ಕೆ ಅಡ್ವಾನ್ಸ್ ಇಲ್ವಾ?" ಅಂದ್ಲು ಅಕ್ಕ. ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಇನ್ನೊಂದು ವಿಷಯ ಹೇಳಿದೆ, ಮಕ್ಕಳು ಸಂಜೆವರೆಗೂ ಬಿದ್ದು ಬಿದ್ದು ನಕ್ರು. ಪ್ಯಾರಟ್ ಫಿಶ್ ಅಂತ ಮೀನಿದೆ. ಹವಳದ ದಿಬ್ಬವನ್ನ ಹಲ್ಲಲ್ಲಿ ಕೆರೆದು ತಿನ್ನುತ್ತೆ, ಒಳಗೆ ಪುಡಿ ಮಾಡಿ, ಮರಳಾಗಿ ಹಿಂದಿಂದ ಬಿಡುತ್ತೆ. ಇಂಥ ಬೀಚ್‌ಗಳ ಬಿಳಿ ಮರಳಲ್ಲಿ ಅದರ ಪಾಲೂ ಇದೆ. "ಅಜ್ಜಿ, ನೀವು ಕೂತಿರೋದು ಮೀನಿನ ಕಕ್ಕ ಮೇಲೆ!"

ಹಾಗಾಗಿ ನನ್ನ ಸಲಹೆ, ಹೋಟೆಲ್ ರೇಟಿಂಗ್ ನೋಡೋ ಮುಂಚೆ ಉಬ್ಬರ ಇಳಿತದ ಟೈಮ್‌ಟೇಬಲ್ ನೋಡಿ. ನೆಟ್‌ನಲ್ಲಿ ಸಿಗುತ್ತೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನಾ ಮುಕ್ಕಾಲು ಗಂಟೆ ಮೇಲೆ ಮುಂದಕ್ಕೆ ಹೋಗುತ್ತೆ. ನೀಲ್ ದ್ವೀಪದ ಕಲ್ಲಿನ ಸೇತುವೆ ಹತ್ರ ಹೋಗೋಕೂ ಇಳಿತನೇ ಬೇಕು. ಎರಡನೇದು, ಬೆಳಕು. ಗಡಿಯಾರ ನಮ್ಮದೇ, ಆದ್ರೆ ಜಾಗ ತುಂಬಾ ಪೂರ್ವಕ್ಕಿದೆ. ಜನವರಿಯಲ್ಲಿ ಐದೂಕಾಲು ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತೆ. ರಾಧಾನಗರ ಬೀಚ್‌ಗೆ ಸಂಜೆ ಆರಕ್ಕೆ ಹೋದ್ರೆ ಕತ್ತಲೆ ನೋಡ್ಕೊಂಡು ಬರ್ಬೇಕು, ನಾಲ್ಕಕ್ಕೆ ಹೋಗಿ. ಲೈಫ್‌ಗಾರ್ಡ್ ಹೇಳಿದ ಜಾಗದಲ್ಲಿ ಮಾತ್ರ ನೀರಿಗಿಳಿಸಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇವೆ. ಎಚ್ಚರಿಕೆ ಬೋರ್ಡ್ ಇರೋ ಕಡೆ, ಕ್ರೀಕ್ ಹತ್ರ ಮಕ್ಕಳ ಕೈ ಬಿಡಬೇಡಿ.

ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಈಜು ಅಂಗಿ ಹಾಕಿಸಿ, ಕೆಲವು ಕ್ರೀಮ್‌ನಲ್ಲಿರೋ ಆಕ್ಸಿಬೆನ್ಜೋನ್ ಹವಳಕ್ಕೆ ಒಳ್ಳೇದಲ್ಲ. ಸ್ಕೂಬಾಗೆ ಸಾಮಾನ್ಯವಾಗಿ ಹತ್ತು ವರ್ಷ ಆಗಿರ್ಬೇಕು, ಮಗು ವಯಸ್ಸು ಸುಳ್ಳು ಹೇಳ್ಬೇಡಿ. ಹ್ಯಾವ್‌ಲಾಕ್‌ನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ ಇದೆ, ಆದ್ರೆ ದೊಡ್ಡ ಆಸ್ಪತ್ರೆ ಅಂದ್ರೆ ಸಮುದ್ರ ದಾಟಿ ಪೋರ್ಟ್ ಬ್ಲೇರ್‌ಗೇ ಬರ್ಬೇಕು. ಕ್ಯಾಶ್ ಇಟ್ಕೊಳ್ಳಿ.

ಈಗ ಆರನೇ ದಿನ. ಬೆಳಿಗ್ಗೆ ಏಳಕ್ಕೆ ಜೆಟ್ಟಿಗೆ ಹೋದ್ವಿ. ಗಾಳಿ ಜೋರು. ಎಂಟಕ್ಕೆ ಹೇಳಿದ್ರು, ಇವತ್ತು ಫೆರ್ರಿ ಇಲ್ಲ. ಫೆರ್ರಿಯವರ ತಪ್ಪೇನಿಲ್ಲ, ಟಿಕೆಟ್ ದುಡ್ಡು ವಾಪಸ್ ಕೊಟ್ರು. ಆದ್ರೆ ನಮ್ಮ ವಿಮಾನ ನಾವಿಲ್ದೇ ಹೋಯ್ತು. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕ್ಕೊಂಡಿದ್ರು, ನೌಕಾಪಡೆಯ ಹಡಗು ಬರಬೇಕಾಯ್ತು. ನಾನು ಅದನ್ನ ಓದಿದ್ದು ಜೆಟ್ಟಿಯಲ್ಲಿ ಕೂತ್ಕೊಂಡು. ಅದು ಚಂಡಮಾರುತದ ಕಾಲ, ನಮ್ಮದು ಒಂದೇ ದಿನದ ಗಾಳಿ. ಆದ್ರೆ ಫ್ಲೈಟ್ ತಪ್ಪೋಕೆ ಒಂದು ದಿನ ಸಾಕು.

ಹೊಸ ಟಿಕೆಟ್ ಒಂದಕ್ಕೆ 9,600. ಐದು ಜನಕ್ಕೆ 48,000. ಉಳಿಸೋಕೆ ಹೋಗಿದ್ದು 3,800. ಅಕ್ಕ ಬೈಯಲಿಲ್ಲ. ಫೋನ್ ತೆಗೆದು ಒಟಿಪಿ ಹೇಳಿದ್ಲು, ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು. ಅಮ್ಮನೂ "ನಾನು ಹೇಳಿರ್ಲಿಲ್ವಾ" ಅನ್ನಲಿಲ್ಲ, ಚೀಲದಿಂದ ಅವಲಕ್ಕಿ, ಚಟ್ನಿಪುಡಿ ತೆಗೆದು ಜೆಟ್ಟಿ ಬೆಂಚಿನ ಮೇಲೆ ಎಲ್ಲರಿಗೂ ಕಲಸಿಕೊಟ್ರು.

ಇನ್ನೊಂದು ಬಾಕಿ ಇದೆ. ಏರ್‌ಪೋರ್ಟ್‌ನಲ್ಲಿ ಸ್ಕ್ಯಾನರ್ ದಾಟಿದ ಮೇಲೆ ಪುಟ್ಟಿ ಬ್ಯಾಗ್ ಪಕ್ಕಕ್ಕೆ ತೆಗೆದ್ರು. ಪೆನ್ಸಿಲ್ ಪೌಚ್‌ನಲ್ಲಿ ಕೊಂಬೆ ಥರದ ಬಿಳಿ ಹವಳದ ತುಂಡು. ಅವಳು ಕದ್ದಿರಲಿಲ್ಲ. ನಾಲ್ಕನೇ ದಿನ ನನ್ನ ಹತ್ರ ತಂದು ತೋರಿಸಿ, "ಮಾಮ, ಇದ್ರಲ್ಲಿ ಯಾರೂ ಇಲ್ಲ, ಇಟ್ಕೊಳ್ಳಲಾ?" ಅಂತ ಕೇಳಿದ್ಲು. ಶಂಖ ತಗೋಬಾರದು ಅಂತ ಅಷ್ಟು ಭಾಷಣ ಮಾಡಿದ್ದ ನಾನು, ಫೋನ್ ನೋಡ್ತಾ, "ಕಲ್ಲು ತಾನೇ, ಇಟ್ಕೋ" ಅಂದಿದ್ದೆ.

ಹವಳ ಕಲ್ಲಲ್ಲ. ಪುಟ್ಟ ಪುಟ್ಟ ಪ್ರಾಣಿಗಳು ಒಟ್ಟಾಗಿ ಕಟ್ಟಿದ ಗೂಡು. ಗುಂಡಗಿರೋ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೀತವೆ, ಸೊಂಟದೆತ್ತರದ ಒಂದು ಗುಂಡು ನಮ್ಮಮ್ಮನಿಗಿಂತ ಹಿರಿದಾಗಿರಬಹುದು. ದಿಬ್ಬ ಕಟ್ಟೋ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ. ಸತ್ತ ತುಂಡಾದ್ರೂ ತರೋ ಹಾಗಿಲ್ಲ.

ಅಧಿಕಾರಿ ಮಗು ಮುಖ ನೋಡಿ, ತುಂಡು ತೆಗೆದಿಟ್ಟುಕೊಂಡು ಕಳಿಸಿದ್ರು. ಪುಟ್ಟಿ ಅಳಲಿಲ್ಲ. ಸ್ವಲ್ಪ ದೂರ ಹೋದ್ಮೇಲೆ, "ನೀನೇ ಇಟ್ಕೋ ಅಂದೆ ಅಲ್ವಾ ಮಾಮ?" ಅಂದ್ಲು. ಹೌದು ಪುಟ್ಟಿ, ನನ್ನದೇ ತಪ್ಪು ಅಂದೆ. ವಿಮಾನದಲ್ಲಿ ನನ್ನ ಪಕ್ಕ ಕೂರಲಿಲ್ಲ.

ಸರಿ, ಈಗ ಯಾರಾದ್ರೂ ಕೇಳಿದ್ರೆ ನಾನು ಹಾಕಿಕೊಡೋ ಪ್ಲ್ಯಾನ್ ಇಷ್ಟೇ. ಏಳು ದಿನ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಾಲ್ಕು ರಾತ್ರಿ ಹ್ಯಾವ್‌ಲಾಕ್ ಒಂದೇ ರೂಮಲ್ಲಿ, ಕೊನೇ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಆ ಕೊನೇ ರಾತ್ರಿಯ ಹೋಟೆಲ್ ಮೊದಲು ಬುಕ್ ಮಾಡಿ. ದಿನಕ್ಕೆ ಒಂದೇ ಕಾರ್ಯಕ್ರಮ, ಅದೂ ಬೆಳಿಗ್ಗೆ. ಮಧ್ಯಾಹ್ನ ಮಕ್ಕಳು ಮಲಗಲಿ. ದುಡ್ಡು ಸಾಲಲ್ಲ ಅಂದ್ರೆ ನೀಲ್ ಬಿಡಿ, ಸ್ಕೂಬಾ ಬಿಡಿ, ಕೊನೇ ರಾತ್ರಿ ಮಾತ್ರ ಬಿಡಬೇಡಿ.

ಅಕ್ಕನಿಗೆ ತಿಂಗಳಿಗೆ ಮೂರು ಸಾವಿರ ವಾಪಸ್ ಕೊಡ್ತಾ ಇದ್ದೀನಿ. ಬೇಡ ಅಂದ್ಲು, ನಾನೇ ಕೇಳಲಿಲ್ಲ. ಈ ತಿಂಗಳು ಏಳನೇ ಕಂತು ಹೋಯ್ತು, ಇನ್ನೂ 27 ಸಾವಿರ ಇದೆ. ಪುಟ್ಟಿ ಈಗ ಮಾತಾಡ್ತಾಳೆ. ಮೊನ್ನೆ ಅವರ ಮನೆಗೆ ಹೋದಾಗ ಶೋಕೇಸ್‌ನಲ್ಲಿದ್ದ ಹಳೇ ಶಂಖ ತೋರಿಸಿ, ಇದನ್ನ ವಾಪಸ್ ಕೊಟ್ಟು ಬರೋಣ್ವಾ ಅಂತ ಕೇಳಿದ್ಲು. ಅದು ಅವರಜ್ಜ ರಾಮೇಶ್ವರದಿಂದ ತಂದಿದ್ದು. ಏನು ಹೇಳ್ಬೇಕು ಅಂತ ನನಗೆ ಗೊತ್ತಾಗಲಿಲ್ಲ, ಅಜ್ಜನ್ನ ಕೇಳು ಅಂದೆ.

ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.