ಗೋಡೆಯನ್ನೇ ರಂಗಭೂಮಿಯಾಗಿಸಿದ ಬರೋಕ್ ಶೈಲಿ

(ವಸಂತನರಸಾಪುರದಲ್ಲಿ ನೀಡಿದ ಉಪನ್ಯಾಸದ ಸಂಗ್ರಹರೂಪ)



ಈ ಊರಿನ ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಕಾರ್ಖಾನೆಗಳ ಶೆಡ್ಡುಗಳು. ನೇರ ಗೆರೆ, ಅಗತ್ಯಕ್ಕೆ ತಕ್ಕಷ್ಟು ಎತ್ತರ. ಇಲ್ಲಿ ನಿಂತು ಹದಿನೇಳನೇ ಶತಮಾನದ ಯೂರೋಪಿನ ಕಟ್ಟಡಗಳ ಬಗ್ಗೆ ಮಾತನಾಡುವುದು ವಿಚಿತ್ರವೆನ್ನಿಸಬಹುದು. ಆದರೆ ಕಮಾನು, ಕಂಬ ಕಂಡ ಕೂಡಲೇ ‘ಬ್ರಿಟಿಷರ ಕಾಲದ್ದು’ ಎಂದು ಮುಂದೆ ಸಾಗುವುದು ನಮ್ಮ ರೂಢಿ. ಆ ರೂಢಿಯಿಂದ ನಷ್ಟವಿದೆ. ಅದು ಏನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಯೂರೋಪಿನಲ್ಲಿ ಗಾಥಿಕ್‌ಗಿಂತ ಮೊದಲು ಇದ್ದದ್ದು ರೋಮನೆಸ್ಕ್ ಶೈಲಿ: ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಸಣ್ಣ ಕಿಟಕಿ, ಒಳಗೆ ಮಬ್ಬು. ಹನ್ನೆರಡನೇ ಶತಮಾನದಲ್ಲಿ ಗಾಥಿಕ್ ಶೈಲಿ ಬಂತು. ಚೂಪು ಕಮಾನು ಮತ್ತು ಹೊರಗಿನ ಊರೆಗಳು ಛಾವಣಿಯ ಭಾರವನ್ನು ಹೊತ್ತುಕೊಂಡವು. ಗೋಡೆಗೆ ಭಾರ ಇಳಿದ ಮೇಲೆ ಅಲ್ಲಿ ದೊಡ್ಡ ಬಣ್ಣದ ಗಾಜಿನ ಕಿಟಕಿ ಇಡಲು ಸಾಧ್ಯವಾಯಿತು. 1933ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಸಂತ ಫಿಲೋಮಿನಾ ಚರ್ಚು ಈ ಶೈಲಿಯ ಆಧುನಿಕ ಅನುಕರಣೆ. ಅದರ ಮುಂದೆ ನಿಂತವರ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ಹದಿನೈದನೇ ಶತಮಾನದಲ್ಲಿ ಇಟಲಿಯವರು ಪ್ರಾಚೀನ ಗ್ರೀಕ್, ರೋಮನ್ ಅಳತೆಗಳಿಗೆ ಮರಳಿದರು. ಅದು ರಿನೈಸಾನ್ಸ್, ಅಂದರೆ ಪುನರುಜ್ಜೀವನ. ಎಡಕ್ಕಿದ್ದದ್ದು ಬಲಕ್ಕೂ ಇರಬೇಕು, ಪ್ರತಿಯೊಂದಕ್ಕೂ ಪ್ರಮಾಣವಿರಬೇಕು. ಬೆಂಗಳೂರಿನ ಕೆಂಪು ಅಠಾರಾ ಕಚೇರಿಯ ಸಾಲುಕಂಬಗಳಲ್ಲಿ ಆ ಗ್ರೀಕ್-ರೋಮನ್ ಶಿಸ್ತಿನ ನೆರಳನ್ನು ಕಾಣಬಹುದು.

ಈ ಶಿಸ್ತನ್ನು ಕಲಿತವರೇ ಅದನ್ನು ಬಾಗಿಸಿದರು. ಬರೋಕ್ ಎಂಬ ಹೆಸರು, ಸೊಟ್ಟ ಮುತ್ತು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದಿರಬೇಕೆಂದು ಹೇಳುತ್ತಾರೆ. ಮೊದಲಿಗೆ ಅದು ಬೈಗುಳವೇ ಆಗಿತ್ತು. ಪ್ರಾಟೆಸ್ಟೆಂಟರ ಬಂಡಾಯವನ್ನು ಎದುರಿಸಿದ ಕ್ಯಾಥೊಲಿಕ್ ಚರ್ಚು 1545ರಿಂದ 1563ರವರೆಗೆ ಟ್ರೆಂಟ್‌ನಲ್ಲಿ ಸಭೆ ನಡೆಸಿತು. ಅಕ್ಷರ ಬಾರದವನ ಮನಸ್ಸನ್ನೂ ಕಲೆ ಮುಟ್ಟಬೇಕೆಂಬ ವಿಚಾರ ಬಲವಾಯಿತು. ರೋಮಿನಲ್ಲಿ ಬೊರೊಮಿನಿ ಗೋಡೆಯನ್ನು ಅಲೆಯಂತೆ ಒಳಗೂ ಹೊರಗೂ ಬಾಗಿಸಿದ. ಬೆರ್ನಿನಿ, ಸಂತ ಪೀಟರರ ಚರ್ಚಿನ ಮುಂದೆ ಎರಡು ತೋಳು ಚಾಚಿದಂತೆ ಕಂಬಗಳ ಸಾಲು ನಿಲ್ಲಿಸಿದ. ವೃತ್ತದ ಜಾಗಕ್ಕೆ ಅಂಡಾಕಾರ ಬಂತು. ಎಲ್ಲಿಂದ ಬಂತೆಂದು ತಿಳಿಯದ ಬೆಳಕು ಪ್ರತಿಮೆಯ ಮೇಲೆ ಬಿತ್ತು.

ಇದು ನಮಗೆ ಅರ್ಥವಾಗಲು ರೋಮಿಗೆ ಹೋಗಬೇಕಿಲ್ಲ, ಪಕ್ಕದ ಗುಬ್ಬಿಯನ್ನು ನೆನೆದರೆ ಸಾಕು. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿ ನಾಟಕದ ಪರದೆಯಲ್ಲಿ ಬರೆದ ಅರಮನೆಯ ಬೀದಿ ಮೈಲಿಗಟ್ಟಲೆ ದೂರ ಸಾಗಿದಂತೆ ಕಾಣುತ್ತಿತ್ತು. ಅದು ಬಟ್ಟೆಯೆಂದು ನೋಡುವವನಿಗೆ ಗೊತ್ತು, ಆದರೂ ಮೈ ನವಿರೇಳುತ್ತದೆ. ಬರೋಕ್ ಮಾಡಿದ್ದೂ ಇದನ್ನೇ. ರೋಮಿನ ಸಂತ ಇಗ್ನೇಷಿಯಸರ ಚರ್ಚಿಗೆ ಗುಮ್ಮಟ ಕಟ್ಟಲಾಗದಿದ್ದಾಗ ಆಂದ್ರೆಯಾ ಪೊಜ್ಜೊ ಎಂಬ ಜೆಸ್ವಿಟ್ ಚಿತ್ರಕಾರ, ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದು ಮೇಲೆ ಕೂರಿಸಿದ.

ಅದೇ ಜೆಸ್ವಿಟ್ ಪರಂಪರೆ ಎರಡು ಶತಮಾನಗಳ ನಂತರ ನಮ್ಮ ನಾಡಿಗೂ ಬಂತು. ಇಟಲಿಯ ಅಂತೋನಿಯೊ ಮೊಸ್ಕೆನಿ, ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಮೇಲಿನವು ಫ್ರೆಸ್ಕೋಗಳು. ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಬಣ್ಣ ಗೋಡೆಯೊಳಗೇ ಸೇರಿಹೋಗುತ್ತದೆ. ಅದಕ್ಕೇ ಗೋಡೆಗೆ ತೇವ ಹತ್ತಿದರೆ ಚಿತ್ರಕ್ಕೂ ರೋಗ. 1990ರ ದಶಕದಲ್ಲಿ ಅವುಗಳ ಸಂರಕ್ಷಣೆ ನಡೆಯಿತು.

ಹಾಗಾದರೆ ನಮ್ಮ ಹೊಯ್ಸಳ ಶಿಲ್ಪವೂ ಬರೋಕ್ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಅಲಂಕಾರ ಹೆಚ್ಚಾದ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ. ನಮ್ಮ ಜಿಲ್ಲೆಯ ಅರಳಗುಪ್ಪೆಯ ಚೆನ್ನಕೇಶವ ಗುಡಿಯನ್ನೋ ಸೋಮನಾಥಪುರವನ್ನೋ ನೋಡಿ. ಅಲ್ಲಿ ಶಿಲ್ಪ ನಮ್ಮನ್ನು ಸುತ್ತಲೂ ನಡೆಸುತ್ತದೆ. ಒಂದೊಂದು ಕೋನಕ್ಕೂ ನಿಂತು ನೋಡಬೇಕು. ಬರೋಕ್ ನಮ್ಮನ್ನು ಒಂದು ಜಾಗದಲ್ಲಿ ನಿಲ್ಲಿಸಿ ಒಂದೇ ಏಟಿಗೆ ಬೆರಗುಗೊಳಿಸುತ್ತದೆ. ಒಂದು ಪ್ರದಕ್ಷಿಣೆ, ಇನ್ನೊಂದು ನಾಟಕ.

ಇನ್ನು ನಷ್ಟದ ಮಾತು. ಹಳೆ ಗೋವಾದ ಬೊಮ್ ಜೀಸಸ್ ಬಸಿಲಿಕಾ 1605ರಲ್ಲಿ ಪೂರ್ಣಗೊಂಡ ಕಟ್ಟಡ. ನಮ್ಮ ನೆರೆಯಲ್ಲಿರುವ ಬರೋಕ್‌ನ ಹೆಸರಾಂತ ಮಾದರಿ. ಅದರ ಬಹುಭಾಗ ಜಂಬಿಟ್ಟಿಗೆಯದು. ಮಳೆಯಿಂದ ಕಾಪಾಡಲು ಮೇಲೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಬರಿಗಲ್ಲು ಕಂಡರೆ ಪುರಾತನವಾಗಿ ಕಾಣುತ್ತದೆಂಬ ಅಭಿರುಚಿಯಿಂದ ಆ ಗಾರೆಯನ್ನು ಕಿತ್ತುಹಾಕಿದರು. ಅಂದಿನಿಂದ ಮುಂಗಾರು ಮಳೆ ನೇರವಾಗಿ ಕಲ್ಲಿಗೇ ಹೊಡೆಯುತ್ತಿದೆ. ಕಟ್ಟಿದವರು ಹಚ್ಚಿದ್ದು ಬರೀ ಬಣ್ಣವಲ್ಲ, ಕಟ್ಟಡದ ಚರ್ಮ.

ನಮ್ಮಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಬರಿಗಲ್ಲಾಗಿಯೇ ಇರಬೇಕಾದ ಗುಡಿಗೆ ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು ಶಿಲ್ಪದ ಕೆತ್ತನೆ ಮುಚ್ಚುತ್ತೇವೆ. ಎರಡೂ ಕಡೆ ತಪ್ಪು ಒಂದೇ: ಕಟ್ಟಡ ಯಾವ ಬಗೆಯದೆಂದು ತಿಳಿಯದೆ ಕೈ ಹಾಕುವುದು. ಶೈಲಿಗಳ ಹೆಸರು ನೆನಪಿರದಿದ್ದರೂ ಚಿಂತೆಯಿಲ್ಲ. ನಿಮ್ಮೂರಿನ ಹಳೆಯ ಗುಡಿ, ಮಸೀದಿ, ಇಗರ್ಜಿಯ ಜೀರ್ಣೋದ್ಧಾರದ ಸಭೆಗೆ ಹೋದಾಗ, ಬಣ್ಣದ ಡಬ್ಬಿ ತೆರೆಯುವ ಮೊದಲು, ಇದನ್ನು ಕಟ್ಟಿದವರು ಹೀಗೇಕೆ ಕಟ್ಟಿದರು ಎಂದು ಒಬ್ಬರಾದರೂ ಎದ್ದು ಕೇಳಿ. ಅಷ್ಟಾದರೆ ಈ ಉಪನ್ಯಾಸ ಸಾರ್ಥಕ.